ಎಮ್ಮೆಯ ಕೊಟ್ಟಿಗೆಯಲ್ಲಿ ಸ್ಪೋರ್ಟ್ಸ್ ಕಾರು

ನಮ್ಮ ಎಮ್ಮೆಯನ್ನು ಮನೆ ಬಿಡಿಸಿದ್ದು ಒಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಇದನ್ನು ಹೇಳಿದಾಗಲೆಲ್ಲ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಆದರೆ ಆ ಎಮ್ಮೆ ಒಂದು ಇಡೀ ಮಳೆಗಾಲ ತಾಡಪತ್ರಿಯ ಕೆಳಗೆ ನಿಂತು ನಮ್ಮನ್ನೆಲ್ಲ ನೋಡುತ್ತಿದ್ದ ನೋಟ ನನಗೆ ಮರೆತಿಲ್ಲ. ಶೀ ನೆವರ್ ಫರ್ಗೇವ್ ಅಸ್.

ನಾವಿದ್ದದ್ದು ಹಳೇ ದಾಂಡೇಲಿಯ ಒಂದು ಬಾಡಿಗೆ ಮನೆಯಲ್ಲಿ. ಅಪ್ಪ ಕಾಗದದ ಮಿಲ್ಲಿನ ಮಶೀನ್ ಶಾಪಿನಲ್ಲಿ ಫೋರ್‌ಮನ್. ಧಾರವಾಡದ ಕಡೆಯ ಹಳ್ಳಿಯಿಂದ ಕೆಲಸಕ್ಕೆಂದು ಬಂದವರು, ಬರುವಾಗ ಅವ್ವನನ್ನೂ ನನ್ನನ್ನೂ ಕರೆತಂದರು. ಆಯಿ, ಅಂದರೆ ಅಪ್ಪನ ತಾಯಿ, ತನ್ನ ಎಮ್ಮೆಯನ್ನು ಹಿಡಿದುಕೊಂಡು ತಾನಾಗಿಯೇ ಬಂದಳು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದು ಮುಗಿಸಿ ಆಗಷ್ಟೇ ಮನೆಗೆ ಮರಳಿದ್ದೆ. ನನ್ನ ಬಳಿ ಇದ್ದ ಆಸ್ತಿಯೆಂದರೆ ಒಳ್ಳೆಯ ಹ್ಯಾಂಡ್‌ರೈಟಿಂಗು ಮತ್ತು ಡಿಪೋರ್ಟ್‌ಮೆಂಟಿಗೆ, ಅಂದರೆ ನೆಟ್ಟಗೆ ನಿಂತು ನೆಟ್ಟಗೆ ನಡೆದದ್ದಕ್ಕೆ, ಸಿಸ್ಟರ್‌ಗಳು ಕೊಟ್ಟ ಒಂದು ಬೆಳ್ಳಿಯ ಮೆಡಲು. ದಾಂಡೇಲಿಯಲ್ಲಿ ಇವೆರಡರಿಂದ ಏನು ಮಾಡಬೇಕೆಂದು ಯಾರಿಗೂ ತಿಳಿದಿರಲಿಲ್ಲ.

ಕಾರು ಬಂದದ್ದು ಹೀಗೆ. ಮಿಲ್ಲಿನಲ್ಲಿ ಹೊಸ ಯಂತ್ರ ಕೂರಿಸಲು ಪರದೇಶದಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಅವನದ್ದು ಎರಡೇ ಸೀಟಿನ, ಮೇಲೆ ಬಟ್ಟೆಯ ಟಾಪಿನ, ಕೆಂಪು ಬಣ್ಣದ ಕಾರು. ಮೌಳಂಗಿಯಲ್ಲಿ ಮೀನು ಹಿಡಿಯಲು ಹೋದವನು ಅದನ್ನು ಹೊಳೆಯ ದಂಡೆಗೆ ತೀರ ಹತ್ತಿರ ನಿಲ್ಲಿಸಿ ಮರೆತ. ಕಾಳಿ ನದಿ ಏರಿತು; ಕಾರು ಸ್ಟೇರಿಂಗಿನ ತನಕ ಕೆಸರು ಕುಡಿಯಿತು. ಅವನು ಊರು ಬಿಡುವಾಗ, "ನಿನಗೆ ಬೇಕಿದ್ದರೆ ತಗೋ," ಎಂದು ಅಪ್ಪನಿಗೆ ಹೇಳಿಹೋದ. ಎತ್ತಿನ ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದ ಅಪ್ಪನ ಮುಖದಲ್ಲಿ ಹೊಸ ಮದುಮಗನ ಕಳೆ ಇತ್ತು.

"ಎಲ್ಲಿ ನಿಲ್ಲಸ್ತಿ ಇದನ್ನ?" ಆಯಿ ಕೇಳಿದಳು.

"ಕೊಟ್ಟಿಗ್ಯಾಗ ಬೇ. ಮಳಿ ಮುಗಿಯೂತನಕ ಅಷ್ಟ."

"ಎಮ್ಮಿ?"

ಅಪ್ಪ ಎಮ್ಮೆಯ ಕಡೆ ನೋಡಲಿಲ್ಲ. "ಅದಕ್ಕ ನೀರಂದ್ರ ಭಾಳ ಪ್ರೀತಿ ಅಲ್ಲೇನ ಬೇ."

ಹಾಗೆ ಎಮ್ಮೆ ಹೊರಗೆ ಬಂತು, ಕಾರು ಒಳಗೆ ಹೋಯಿತು. ಹಿತ್ತಲಿಗೆ ತಾಡಪತ್ರಿ ಕಟ್ಟಿದರು. ಅವ್ವ ಬಾಗಿಲಲ್ಲೇ ನಿಂತು, "ನೀವು ನನ್ನನ್ನ ಲಗ್ನಾಗೂದು ಬಿಟ್ಟು ಆ ಗಾಡಿನ್ನ ಆಗಬೇಕಿತ್ತು," ಎಂದಳು. ಅಪ್ಪ ಆಗಲೇ ಬಾನೆಟ್ಟಿನೊಳಗೆ ತಲೆ ಹಾಕಿದ್ದರು, ಕೇಳಿಸಿರಲಿಕ್ಕಿಲ್ಲ.

ಎಂಜಿನ್ ಬಿಚ್ಚಿದಾಗ ಮೊದಲು ಹೊರಬಂದದ್ದು ಕೆಸರು, ಆಮೇಲೆ ಒಂದು ಏಡಿ. ಏಡಿ ಜೀವಂತ ಇತ್ತು, ಎಂಜಿನ್ ಸತ್ತಿತ್ತು. ಇನ್ನೊಬ್ಬರಾಗಿದ್ದರೆ ಅದನ್ನು ಮೊದಲಿದ್ದ ಹಾಗೆ ಮಾಡಿದರೆ ಸಾಕೆನ್ನುತ್ತಿದ್ದರು. ಅಪ್ಪನಿಗೆ ಅದು ಸಾಲದು. "ಬಿಚ್ಚಿದ ಮ್ಯಾಲ ಮದಲಿಗಿಂತ ಜೋರ ಓಡಬೇಕು, ಇಲ್ಲಾಂದ್ರ ಬಿಚ್ಚಿದ್ದ್ಯಾಕ?" ಎನ್ನುತ್ತಿದ್ದರು. ಹುಬ್ಬಳ್ಳಿಗೆ ಕಳಿಸಿ ಸಿಲಿಂಡರುಗಳನ್ನು ತುಸು ಅಗಲ ಕೊರೆಸಿದರು, ಅದಕ್ಕೆ ತಕ್ಕ ದಪ್ಪ ಪಿಸ್ಟನ್ನುಗಳನ್ನು ಮುಂಬೈಯಿಂದ ತರಿಸಿದರು. ಸಿಲಿಂಡರ್ ಹೆಡ್ಡಿನ ಕೆಳಮೈಯನ್ನು ಕೂದಲೆಳೆಯಷ್ಟು ಸವರಿಸಿದರು. ಒಳಗಿನ ಜಾಗ ಇಕ್ಕಟ್ಟಾದಷ್ಟೂ ಸಿಡಿತ ಜೋರಾಗುತ್ತದಂತೆ. ಗೋವಾ ಬಿಡುಗಡೆಯಾದ ಮೇಲೆ ಆ ಕಡೆಯಿಂದ ಲಾರಿಗಳು ಓಡಾಡತೊಡಗಿದ್ದವಲ್ಲ, ಒಬ್ಬ ಡ್ರೈವರನಿಗೆ ಹೇಳಿ ಅಲ್ಲಿಯ ಯಾವುದೋ ಮುರಿದ ಕಾರಿನ ಕಾರ್ಬುರೇಟರನ್ನೂ ತರಿಸಿದರು. ಒಂದಿದ್ದಲ್ಲಿ ಎರಡಾಯಿತು.

"ಇದು ಏನ್ ಮಾಡ್ತೈತೋ?" ಎಂದು ಆಯಿ ಕೇಳಿದಾಗ ಅಪ್ಪ, "ಇದು ಗಾಡಿ ಮೂಗು ಬೇ. ಇದರಿಂದನ ಉಸರ ತಗೋತೈತಿ. ಮದಲ ಒಂದ ಹೊಳ್ಳಿ ಇತ್ತು, ಈಗ ಎರಡಾದ್ವು," ಎಂದರು.

ಈ ಉತ್ತರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆಯಿ ಇಟ್ಟುಕೊಂಡಿದ್ದಳು.

ವಾಲ್ವುಗಳನ್ನು ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು. ವಾಲ್ವು ಅಂದರೆ ಅಣಬೆಯ ಆಕಾರದ ಒಂದು ಮುಚ್ಚಳ. ಅದು ತನ್ನ ತೂತಿನ ಮೇಲೆ ಗಾಳಿಯೂ ನುಸುಳದಂತೆ ಕೂರಬೇಕು. ಅಂಚಿಗೆ ಒರಟು ಪೇಸ್ಟು ಹಚ್ಚಿ, ತುದಿಗೆ ರಬ್ಬರಿನ ಬಟ್ಟಲು ಇರುವ ಒಂದು ಕೋಲನ್ನು ಅದಕ್ಕೆ ಅಂಟಿಸಿ, ಎರಡೂ ಅಂಗೈಗಳ ನಡುವೆ ಆ ಕಡೆ ಈ ಕಡೆ ತಿರುಗಿಸುತ್ತ ಕೂರಬೇಕು. ನಾನು ತುಂಬ ಲೇಡಿಲೈಕ್ ಆಗಿ ತಿರುಗಿಸುತ್ತಿದ್ದೆ. ಆಯಿ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಸೆರಗು ಸಿಕ್ಕಿಸಿಕೊಂಡು ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಸರೀ ಅತ್ಲಾಗ. ಇಂಗ್ಲೀಸ ಸಾಲ್ಯಾಗ ಮಜ್ಜಿಗಿ ಕಡಿಯೂದ ಕಲಿಸಿಲ್ಲೇನ ನಿನಗ?"

ಅವಳ ಕೈಯಲ್ಲಿ ಕೋಲು ಗುಂಯ್ ಎಂದು ತಿರುಗಿತು. ಎಲ್ಲ ವಾಲ್ವುಗಳೂ ಕನ್ನಡಿಯಂತೆ ಹೊಳೆದವು. ಅಪ್ಪ ಮೇಲೆ ಸೀಮೆಎಣ್ಣೆ ಸುರಿದು ನೋಡಿದರು, ಒಂದು ಹನಿ ಕೆಳಗೆ ಇಳಿಯಲಿಲ್ಲ. ಅವತ್ತಿನಿಂದ ಆಯಿ ಆ ಎಂಜಿನ್ನಿನಲ್ಲಿ ತನ್ನದೂ ಒಂದು ಪಾಲಿದೆಯೆಂದು ತಿಳಿದುಕೊಂಡಳು. ಹಾಗಂತ ಎಮ್ಮೆಯ ಪಕ್ಷ ಬಿಡಲಿಲ್ಲ. ಬೆಳಿಗ್ಗೆ ಹಾಲು ಕರೆಯುವಾಗ ಎಮ್ಮೆಯ ಕಿವಿಯಲ್ಲಿ, "ತಡಿಯವ್ವಾ, ಇನ್ನ ಸ್ವಲ್ಪ ತಡಿ," ಎನ್ನುವುದು ನನಗೆ ಕೇಳಿಸುತ್ತಿತ್ತು.

ಇನ್ನು ಸಸ್ಪೆನ್ಷನ್. ದಾಂಡೇಲಿಯ ರಸ್ತೆಗಳಿಗೆ ಆ ಕಾರಿನ ಪಾಟಾಗಳು, ಅಂದರೆ ಗಾಲಿಯ ಮೇಲೆ ಬಿಲ್ಲಿನ ಹಾಗೆ ಬಾಗಿರುವ ಉಕ್ಕಿನ ಪಟ್ಟಿಗಳು, ತೀರ ಮೆತ್ತಗಿದ್ದವು. ಮುಂಡಗೋಡದ ಹತ್ತಿರ ಮಳಗಿಯಲ್ಲಿ ಅಪ್ಪನ ಗುರುತಿನ ಕಮ್ಮಾರನೊಬ್ಬನಿದ್ದ. ಪಾಟಾಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ, ಕಾಯಿಸಿ, ಬಡಿಸಿ, ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿಕೊಂಡು ಬಂದರು. ಗಾಡಿಯ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರುಗಳಲ್ಲಿ ಹಳೆಯ ಎಣ್ಣೆ ನೀರಾಗಿ ಹೋಗಿತ್ತು. ದಪ್ಪ ಎಣ್ಣೆ ಬೇಕು, ಹುಬ್ಬಳ್ಳಿಗೆ ಹೋಗಲು ಪುರುಸೊತ್ತಿಲ್ಲ. ಒಂದು ಬೆಳಿಗ್ಗೆ ಆಯಿ ನೆತ್ತಿಗೆ ಹಚ್ಚಿಕೊಳ್ಳಲು ಔಡಲ ಎಣ್ಣೆಯ ಡಬ್ಬಿ ತೆಗೆದರೆ ಅದು ಖಾಲಿ.

"ನನ್ನ ಎಣ್ಣಿ ಎಲ್ಲಿ?"

"ಗಾಡಿ ಮೊಣಕಾಲಿಗೆ ಹಾಕೇನ್ ಬೇ," ಎಂದರು ಅಪ್ಪ, ಸಂಭಾವಿತರಂತೆ.

"ಅದಕ್ಕೂ ನನ್ನಂಗ ವಾಯು ಐತೇನು?"

ಹೀಗೆ ನಡೆದಿರುವಾಗ ಹಳಿಯಾಳದ ನಾಟಾ ಸಾವ್ಕಾರರು ಬಂದರು. ಕಾಡಿನ ಮರ ಗುತ್ತಿಗೆ ಹಿಡಿದು, ಕೊಯ್ಸಿ ಮಾರುವ ಸಾವ್ಕಾರರು. ದೊಡ್ಡ ಮೀಸೆ, ದೊಡ್ಡ ನಗು, ಹಣೆ ತುಂಬ ವಿಭೂತಿ, ಹೊಚ್ಚ ಹೊಸ ಜೀಪು. ಅವರ ಕಣ್ಣು ಕಾರಿನ ಮೇಲಲ್ಲ, ಎಂಜಿನ್ನಿನ ಮೇಲಿತ್ತು. ಹಳಿಯಾಳದ ಅವರ ಸಾ ಮಿಲ್ಲಿಗೆ ಒಂದು ಗಟ್ಟಿ ಎಂಜಿನ್ ಬೇಕಿತ್ತು.

"ಫೋರಮನ್ರ, ಈ ಗೊಂಬಿ ಗಾಡಿ ಕಾಡ ರಸ್ತೇಕ ಏನ್ ಓಡತೈತ್ರಿ? ಎಂಜಿನ್ ನನಗ ಕೊಡ್ರಿ. ಪಟ್ಟಾ ಕಟ್ಟಿ ಗರಗಸ ತಿರಗಸ್ತೇನಿ. ಸಾಗವಾನಿ ಬೆಣ್ಣಿ ಹಂಗ ಕೊಯ್ತೈತಿ."

ಅಪ್ಪನ ಮುಖ ಕಪ್ಪಿಟ್ಟಿತು. ಮಗಳನ್ನು ಭರತನಾಟ್ಯಕ್ಕೆ ತಯಾರು ಮಾಡಿದವರ ಮುಂದೆ ಯಾರೋ ಬಂದು, ಕಾಳು ಕುಟ್ಟಲು ಕಳಿಸಿ ಎಂದ ಹಾಗೆ. "ನಿಮ್ಮ ಜೀಪಿಗಿಂತ ಮುಂದ ಓಡತೈತ್ರಿ ಸಾವ್ಕಾರ್ರ," ಎಂದುಬಿಟ್ಟರು.

"ಎಲ್ಲಿ?"

"ಜೊಯಿಡಾ ಏರಿನ್ಯಾಗ."

ಅಲ್ಲಿಯವರೆಗೆ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಆಯಿ ಮೊರ ಕೆಳಗಿಟ್ಟಳು. "ಕೇಳ್ರಿ ಇಬ್ರೂ. ದಸರಾ ದಿನ ಹೆಂಗೂ ಊರ ಸೀಮಿ ದಾಟಿ ಬರೂದು ಪದ್ಧತಿ. ಜೊಯಿಡಾಕ್ಕ ಹೋಗ್ರಿ. ಜೀಪ ಮದಲ ಮುಟ್ಟಿತು ಅಂದ್ರ ಎಂಜಿನ್ ಸಾವ್ಕಾರಂದು, ಎಮ್ಮಿ ಒಳಗ ಬರತೈತಿ. ಗಾಡಿ ಮದಲ ಮುಟ್ಟಿತು ಅಂದ್ರ ಸಾವ್ಕಾರ ನಮ್ಮ ಎಮ್ಮಿಗೆ ಸಾಗವಾನಿ ಕೊಟ್ಟಿಗಿ ಕಟ್ಟಸ್ತಾನ. ಹೂಂ ಅನ್ರಿ."

ಇಬ್ಬರೂ ಹೂಂ ಅಂದರು. ಯಾರು ಗೆದ್ದರೂ ಎಮ್ಮೆಗೆ ಸೂರು ಸಿಗುವ ಹಾಗೆ ಮಾತು ಕಟ್ಟಿದ್ದಾಳೆ ಎಂಬುದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. ಅವತ್ತು ನನಗೆ ಕಂಡದ್ದು ಅಪ್ಪನ ಮುಖ ಮಾತ್ರ. ಸೋತರೆ ಆ ಎಂಜಿನ್ ಹಳಿಯಾಳದಲ್ಲಿ ಹೊಟ್ಟಿನ ರಾಶಿಯ ನಡುವೆ ನಿಂತು ಜೀವಮಾನವೆಲ್ಲ ದಿಮ್ಮಿ ಕೊಯ್ಯಬೇಕು. ಅಪ್ಪ ಅವತ್ತು ಊಟ ಸರಿಯಾಗಿ ಮಾಡಲಿಲ್ಲ.

ದಸರಾದ ಹಿಂದಿನ ದಿನ ಖಂಡೇಪೂಜೆ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ದುಡಿಯುವ ಮನೆಯಲ್ಲಿ ಅವತ್ತು ಹತಾರಗಳನ್ನೆಲ್ಲ ತೊಳೆದು, ಸಾಲಾಗಿ ಇಟ್ಟು, ಪೂಜೆ ಮಾಡುತ್ತಾರೆ. ಮರುದಿನ ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ತಗೊಳ್ಳುವವರೆಗೆ ಅವನ್ನು ಯಾರೂ ಮುಟ್ಟುವ ಹಾಗಿಲ್ಲ. ಆಯಿ ಅಪ್ಪನ ಪಾನಾ, ಸುತ್ತಿಗೆ, ಸ್ಕ್ರೂ ಡ್ರೈವರು, ಕಾನಸು ಎಲ್ಲವನ್ನೂ ಎಣ್ಣೆ ಜಿಡ್ಡು ಹೋಗುವ ಹಾಗೆ ಸೀಗೆಪುಡಿಯಿಂದ ತಿಕ್ಕಿ ಕಂಬಳಿಯ ಮೇಲೆ ಜೋಡಿಸಿದಳು.

"ಯವ್ವಾ, ನಾಳೆ ದಾರ್ಯಾಗ ಏನರ ಆತಂದ್ರ? ಒಂದ ಪಾನಾ, ಒಂದ ಸ್ಕ್ರೂ ಡ್ರೈವರ್ ಅಷ್ಟ..."

"ಅವು ಇವತ್ತ ನಿನ್ನ ಹತಾರಲ್ಲ, ದೇವ್ರು. ದೇವ್ರನ್ನ ಕಿಸೇದಾಗ ಹಾಕ್ಕೊಂಡ ಹೋಕ್ಕಿಯೇನು?"

"ಗಾಡಿಗೂ ಪೂಜಿ ಮಾಡ್ತಿ. ಹಂಗಾರ ಅದನ್ನೂ ಮುಟ್ಟಬಾರದಲ್ಲ?"

ಆಯಿ ಯೋಚಿಸಿದಳು. "ಅದು ವಾಹನ. ವಾಹನ ಅಂದ್ರ ದೇವ್ರನ್ನ ಹೊತ್ಕೊಂಡ ಓಡಾಡೂದು. ಅದು ನಡೀತೈತಿ." ಸುಪ್ರೀಂ ಕೋರ್ಟಿನ ಜಡ್ಜ್‌ಮೆಂಟು. ಅಪೀಲಿಲ್ಲ.

ಅಪ್ಪ ಸ್ನಾನಕ್ಕೆ ಹೋದಾಗ ಆಯಿ ಕಾರಿನ ಪೂಜೆಗೆ ಕೂತಳು. ನನಗೆ ಬಾನೆಟ್ ಎತ್ತಲು ಹೇಳಿದಳು. ಗಾಳಿ ಸರಾಗ ಒಳಗೆ ಹೋಗಲೆಂದು ಅಪ್ಪ ಕಾರ್ಬುರೇಟರುಗಳ ಮೂತಿಯಿಂದ ಜಾಳಿಗೆಯನ್ನು ತೆಗೆದು, ಲೇಥಿನಲ್ಲಿ ಕಡೆದ ಎರಡು ಹಿತ್ತಾಳೆಯ ಕಹಳೆಬಾಯಿ ಕೂರಿಸಿದ್ದರು. ಹುಣಸೆಹಣ್ಣು ಹಾಕಿ ಅವನ್ನು ಬೆಳಗಿದ್ದವಳು ಆಯಿಯೇ. ದೇವರಮನೆಯ ದೀಪದ ಸಮೆಗಳ ಹಾಗೆ ಹೊಳೆಯುತ್ತಿದ್ದವು. ಆಯಿ ಎಂಜಿನ್ನಿಗೆ ವಿಭೂತಿ ಹಚ್ಚಿದಳು, ದೀಪ ಬೆಳಗಿದಳು, ಒಂದೊಂದು ಬಾಯಲ್ಲಿ ಒಂದೊಂದು ಚೆಂಡುಹೂ ಸಿಕ್ಕಿಸಿದಳು. ಇಟ್ ಲುಕ್ಡ್ ರಾದರ್ ಪ್ರೆಟಿ, ನಿಜ ಹೇಳಬೇಕೆಂದರೆ. ಬೆಳಿಗ್ಗೆ ಅಪ್ಪ ಹೂವನ್ನು ಕಣ್ಣಿಗೊತ್ತಿಕೊಂಡು ತೆಗೆದಿಟ್ಟರು. ಹೂವಿನ ಹಿಂದೆ ಇನ್ನೇನಾದರೂ ಇದ್ದೀತೆಂದು ನೋಡಲಿಲ್ಲ.

ಹೊರಡುವ ಹೊತ್ತಿಗೆ ಆಯಿ ಇನ್ನೊಂದು ತೀರ್ಪು ಕೊಟ್ಟಳು. ಯಾರು ಮೊದಲೆಂದು ನೋಡಿ ಹೇಳಲು ಹಿರಿಯರೊಬ್ಬರು ಬೇಕು, ಹಿರಿಯಳು ತಾನೇ, ತಾನು ಕೂರುವುದು ಜೀಪಿನಲ್ಲಿ.

"ಮಗನ ಗಾಡಿ ಬಿಟ್ಟು ನನ್ನ ಜೀಪಿನ್ಯಾಗ?" ಸಾವ್ಕಾರರಿಗೆ ಖುಷಿಯೋ ಖುಷಿ.

"ಅದರಾಗ ಕುಂತ್ರ ನೆಲದ ಮ್ಯಾಲ ಕುಂತಂಗ ಆಗತೈತಪಾ. ನಿನ್ನ ಜೀಪಿನ್ಯಾಗ ಕಾಲ ಬಿಡಾಕ ಜಾಗಾ ಐತಿ."

ಹೀಗಾಗಿ ಅಪ್ಪನ ಪಕ್ಕದ ಸೀಟು ನನಗೆ ಸಿಕ್ಕಿತು. ಹಬ್ಬವೆಂದು ಇಳಕಲ್ ಸೀರೆ ಉಟ್ಟು, ಸಾವ್ಕಾರರಿಗೆ ಕಾಣಲೆಂದು ನನ್ನ ಡಿಪೋರ್ಟ್‌ಮೆಂಟ್ ಮೆಡಲನ್ನು ಎದೆಗೆ ಚುಚ್ಚಿಕೊಂಡಿದ್ದೆ. ದಾಂಡೇಲಿ ದಾಟುವವರೆಗೆ ಬೆನ್ನು ನೆಟ್ಟಗೆ ಇಟ್ಟುಕೊಂಡೇ ಕೂತಿದ್ದೆ. ಆಮೇಲೆ ಅಪ್ಪ ಕಾಲು ಒತ್ತಿದರು, ನನ್ನ ಪೋಸ್ಚರ್ ಹಿಂದೆಯೇ ಉಳಿಯಿತು.

ಎಂಥ ಓಟ! ಬಿದಿರ ಮೆಳೆಗಳು ಎರಡೂ ಕಡೆ ಹಸಿರು ನೀರಿನ ಹಾಗೆ ಹರಿದವು. ಮಳಗಿಯ ಪಾಟಾಗಳು ಒಂದು ಕುಳಿಗೂ ಬಗ್ಗಲಿಲ್ಲ. ತಿರುವುಗಳಲ್ಲಿ ಕಾರು ನೆಲ ಕಚ್ಚಿ ಹಿಡಿಯಿತು. ಕಾದ ಔಡಲ ಎಣ್ಣೆಯ ವಾಸನೆ ಬರುತ್ತಿತ್ತು, ಶನಿವಾರದ ಎರಕೊಳ್ಳುವ ಬಚ್ಚಲಿನ ಹಾಗೆ. ಜೀಪು ಹಿಂದೆ ಎಲ್ಲೋ ಧೂಳಾಗಿತ್ತು. ಅಪ್ಪ ಹಾಡುತ್ತಿದ್ದರು. ಅವರು ಹಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಸೂಪಾ ದಾಟಿದೆವು. ಆಗ ಅದಿನ್ನೂ ಅಂಗಡಿ, ಕಚೇರಿ, ಜನ ಇದ್ದ ಊರು; ಅಣೆಕಟ್ಟಿನ ನೀರು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಮುಂದೆ ಏರು. ಅಪ್ಪ ಪೂರ್ತಿ ಕಾಲು ಒತ್ತಿದರು. ಎಂಜಿನ್ ಒಮ್ಮೆ ಜೋರಾಗಿ ಉಸಿರೆಳೆಯಿತು, ಕೆಮ್ಮಿತು, ಮತ್ತೆ ಕೆಮ್ಮಿತು, ನಿಂತಿತು.

ಅಷ್ಟು ಹೊತ್ತು ಕೇಳದಿದ್ದ ಹಕ್ಕಿಗಳ ಸದ್ದೆಲ್ಲ ಒಟ್ಟಿಗೆ ಕೇಳಿಸಿತು.

ಅಪ್ಪ ಬಾನೆಟ್ ಎತ್ತಿ, ಕಹಳೆಬಾಯಿಯೊಳಗೆ ಬೆರಳು ಹಾಕಿ ನೋಡಿದರು. ಆ ಕಾರ್ಬುರೇಟರಿನೊಳಗೆ ಉಸಿರಿಗೆ ತಕ್ಕಂತೆ ಏರಿ ಇಳಿಯುವ ಒಂದು ಸಣ್ಣ ಕೊಳವೆ ಇರುತ್ತದೆ. ಎರಡು ಕಾರ್ಬುರೇಟರುಗಳಲ್ಲೂ ಅದು ಮೇಲೇರಿ ಸಿಕ್ಕಿಕೊಂಡಿತ್ತು. ಅಪ್ಪನ ಬೆರಳ ತುದಿ ಬೆಳ್ಳಗಾಗಿತ್ತು. ಮೂಸಿ ನೋಡಿದರು.

"ವಿಭೂತಿ," ಎಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

"ಅವತ್ತ ನಾನ ಹೇಳಿದ್ನಲ್ಲವಾ, ಇದು ಗಾಡಿ ಮೂಗು ಅಂತ. ನೆಗಡಿ ಆಗಬಾರದು ಅಂತ ನಮ್ಮವ್ವ ಎರಡೂ ಹೊಳ್ಳ್ಯಾಗ ಚಿಟಕಿ ಚಿಟಕಿ ಹಾಕ್ಯಾಳ." ಅಪ್ಪ ನಗಲು ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿದರು. ಮೇಲಿನ ಮುಚ್ಚಳ ತೆಗೆದು ಒರೆಸಿದರೆ ಮುಗಿಯಿತು. ಆದರೆ ಮುಚ್ಚಳಕ್ಕೆ ತಿರುಪು. ತಿರುಪಿಗೆ ಸ್ಕ್ರೂ ಡ್ರೈವರ್. ಸ್ಕ್ರೂ ಡ್ರೈವರ್ ಮನೆಯಲ್ಲಿ ದೇವರಾಗಿ ಕೂತಿದೆ.

ಆಗಲೇ ಜೀಪು ಬಂತು. ನಿಧಾನಿಸಿತು. ಸಾವ್ಕಾರರು ಕತ್ತು ಹೊರಹಾಕಿ, "ಫೋರಮನ್ರ, ಗರಗಸಕ್ಕ ಪಟ್ಟಾ ತಯಾರ ಇಟ್ಟೇನ್ರಿ!" ಎಂದು ಕೂಗಿದರು. ಪಕ್ಕದಲ್ಲಿ ಆಯಿ ತಲೆ ತುಂಬ ಸೆರಗು ಹೊದ್ದು ಕೂತಿದ್ದಳು. ಎತ್ತಿದ ಬಾನೆಟ್ಟನ್ನು ನೋಡಿದಳು, ಅಪ್ಪನ ಬಿಳಿ ಬೆರಳನ್ನು ನೋಡಿದಳು, ತಟ್ಟನೆ ಮುಖ ಆ ಕಡೆ ತಿರುಗಿಸಿದಳು. ಜೀಪು ತಿರುವಿನಲ್ಲಿ ಮರೆಯಾಯಿತು.

ಅಪ್ಪ ಉಗುರಿನಿಂದ ತಿರುಪು ತಿರುಗಿಸಲು ನೋಡಿದರು, ಕಾರಿನ ಬೀಗದ ಕೈಯಿಂದ ನೋಡಿದರು. ಅದು ತುಂಬ ದಪ್ಪ. ಆಮೇಲೆ ನನ್ನ ಕಡೆ ನೋಡಿದರು. ನನ್ನ ಕಡೆ ಅಲ್ಲ, ನನ್ನ ಎದೆಯ ಮೇಲಿನ ಮೆಡಲಿನ ಕಡೆ.

"ತಂಗೀ, ಅದರ ಅಂಚ ತೆಳ್ಳಗ ಐತಲ್ಲ?"

ಸಿಸ್ಟರ್‌ಗಳೇ, ಎಲ್ಲಿದ್ದರೂ ಕೇಳಿ. ನೀವು ಕೊಟ್ಟ ವಿದ್ಯೆ ವ್ಯರ್ಥವಾಗಲಿಲ್ಲ. ಮೆಡಲು ತಿರುಪಿನ ಸಂದಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ನನ್ನ ಕಸೂತಿಯ ಕರವಸ್ತ್ರವನ್ನು ಪೆಟ್ರೋಲಿನಲ್ಲಿ ಅದ್ದಿ ಕೊಳವೆಗಳನ್ನು ಒರೆಸಿದ್ದು ನಾನು. ನನ್ನ ಇನಿಷಿಯಲ್ಸ್ ಇದ್ದ ಮೂಲೆಯೇ ಮೊದಲು ಕಪ್ಪಾಯಿತು. ಅಪ್ಪ ಮುಚ್ಚಳ ಬಿಗಿದರು. ಗುಂಡಿ ಒತ್ತಿದ ಕೂಡಲೇ ಎಂಜಿನ್ ಗುಡುಗಿತು.

"ಇನ್ನ ಸಿಗೂದಿಲ್ಲ ಜೀಪು," ಎಂದರು ಅಪ್ಪ. ಆದರೂ ಓಡಿಸಿದರು. ಏರು ಏರಿದ್ದೇ ತಿಳಿಯಲಿಲ್ಲ. ತುದಿ ದಾಟಿ ಇಳಿಜಾರಿನ ಹಾವಿನಂಥ ತಿರುವುಗಳಲ್ಲಿ ನಾನು ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ, ಮೋಸ್ಟ್ ಅನ್‌ಲೇಡಿಲೈಕ್. ಎಷ್ಟು ಓಡಿಸಿದರೂ ಮುಂದೆ ಧೂಳಿಲ್ಲ. ಜೊಯಿಡಾದ ಮನೆಗಳು ಕಾಣಲು ಇನ್ನು ಒಂದೆರಡು ತಿರುವಷ್ಟೇ ಇತ್ತು.

ಒಂದು ತಿರುವು ತಿರುಗಿದೆವು. ರಸ್ತೆಯ ಪಕ್ಕ ಜೀಪು ನಿಂತಿತ್ತು.

ಸಾವ್ಕಾರರು ಹೊರಗೆ ನಿಂತಿದ್ದರು, ಎರಡೂ ಕೈ ತುಂಬ ಸೊಪ್ಪು. ಅವರ ಮುಂದೆ ಒಂದು ಗಿಡದ ಬುಡದಲ್ಲಿ ಆಯಿ ನಿಧಾನವಾಗಿ ಎಲೆ ಆರಿಸುತ್ತಿದ್ದಳು. "ಇದ ಬ್ಯಾಡಪಾ, ಹುಳ ತಿಂದೈತಿ... ಇದೂ ಬ್ಯಾಡ, ಬಲಿತೈತಿ..." ಅಪ್ಪ ಬ್ರೇಕಿನ ಮೇಲೆ ಕಾಲಿಟ್ಟರು. ನ್ಯಾಯವಂತ ಮನುಷ್ಯ, ಪಾಪ. ಆಯಿ ಹಿಂತಿರುಗಿಯೂ ನೋಡದೆ, ಸಾವ್ಕಾರರಿಗೆ ಕಾಣದ ಹಾಗೆ, ಬೆನ್ನ ಹಿಂದೆ ಕೈ ಬೀಸಿದಳು. ಕಾಳು ಹೆಕ್ಕುವ ಕೋಳಿಯನ್ನು ಅಟ್ಟುವ ಹಾಗೆ. ಅಪ್ಪ ಬ್ರೇಕಿನಿಂದ ಕಾಲು ತೆಗೆದರು.

ಜೊಯಿಡಾದ ಚಹಾದಂಗಡಿಯಲ್ಲಿ ನಾವು ಒಂದೊಂದು ಕಪ್ಪು ಮುಗಿಸುವಾಗ ಜೀಪು ಬಂತು. ಸಾವ್ಕಾರರು ಇಳಿದವರೇ ಸೊಪ್ಪನ್ನು ಕಾರಿನ ಬಾನೆಟ್ಟಿನ ಮೇಲೆ ಸುರಿದರು.

"ನೋಡ್ರಿ ಫೋರಮನ್ರ ನಿಮ್ಮ ತಾಯೀ ಕಾರಭಾರ! ಬನ್ನಿ ಗಿಡ ಕಾಣಸ್ತು, ನಿಲ್ಲಸು ಅಂದ್ರು. ಈ ಕಾಡಿನ್ಯಾಗ ಬನ್ನಿ ಎಲ್ಲಿಂದ ಬರಬೇಕ್ರಿ? ನಾಟಾ ಯಾಪಾರದಾಂವ ನಾನು, ನನಗ ಗಿಡ ಗೊತ್ತಿಲ್ಲೇನು?"

"ಗೊತ್ತಿದ್ದ ಮ್ಯಾಲ ಯಾಕ ನಿಲ್ಲಸಿದ್ರಿ?" ಎಂದರು ಅಪ್ಪ.

ಸಾವ್ಕಾರರು ಮೀಸೆ ಸವರಿಕೊಂಡರು. "ಹಬ್ಬದ ದಿನ ಹಿರೇ ಜೀವ ಬನ್ನಿ ಬೇಕು ಅಂತು. ಹೆಂಗ ಇಲ್ಲ ಅನ್ಲಿ? ನೀವಾಗಿದ್ರ ಅಂತಿದ್ರೇನು?"

ಆಯಿ ಅಷ್ಟರಲ್ಲಿ ಆ ಸೊಪ್ಪಿನಿಂದಲೇ ಒಂದು ಹಿಡಿ ಎತ್ತಿ ಅವರ ಕೈಯಲ್ಲಿಟ್ಟಳು. "ಬಂಗಾರ ತಗೋಪಾ, ಬಂಗಾರದಂಗ ಇರು." ದೊಡ್ಡ ಮೀಸೆಯ ಸಾವ್ಕಾರರು ರಸ್ತೆಯಲ್ಲೇ ಬಗ್ಗಿ ಅವಳ ಕಾಲು ಮುಟ್ಟಿದರು. ಏಳುವಾಗ ನಗುತ್ತಿದ್ದರು. "ತೀರ್ಪ ಹೇಳಿ ಬಿಡ್ರಿ ಆಯೀ, ಯಾರ ಮದಲ?"

"ನಾ ಹಿಂದ ಇದ್ನೆಪಾ. ಮುಂದಿಂದ ನನಗೇನ ಕಂಡೀತು? ನೀನ ಹೇಳು."

ಸಾವ್ಕಾರರೇ ಹೇಳಿದರು.

ದೀಪಾವಳಿಯೊಳಗೆ ಹಳಿಯಾಳದಿಂದ ಎತ್ತಿನ ಗಾಡಿಯ ತುಂಬ ಸಾಗವಾನಿ ಬಂತು. ನಮ್ಮ ಎಮ್ಮೆಗೆ ಎದ್ದ ಕೊಟ್ಟಿಗೆಯ ಕಂಬ ನೋಡಲು ಮಿಲ್ಲಿನ ಜನ ಬರುತ್ತಿದ್ದರು. ನಾವಿದ್ದ ಮನೆಯ ಬಾಗಿಲು ಮಾವಿನ ಹಲಗೆಯದು. ಕಾರು ಹಳೆಯ ಕೊಟ್ಟಿಗೆಯಲ್ಲಿ ಉಳಿಯಿತು. ಮುಂದೆ ಅಪ್ಪ ಅದರಲ್ಲೇ ನನಗೆ ಡ್ರೈವಿಂಗ್ ಕಲಿಸಿದರು, ಅದರಲ್ಲೇ ನನ್ನ ಗಂಡ ನನ್ನನ್ನು ಮೊದಲ ಸಲ ನೋಡಿ ಹೆದರಿದರು. ಅದೆಲ್ಲ ಹೋಯಿತು. ಕಾರೂ ಹೋಯಿತು, ಅಪ್ಪನೂ. ಮೆಡಲಿದೆ. ಒಂದು ಅಂಚು ಸೊಟ್ಟಗಾಗಿದೆ.

ಕಾರಿಗಾಗಿ ಮಾಡಿದೆಯೋ, ಮಗನಿಗಾಗಿ ಮಾಡಿದೆಯೋ, ಸಾಗವಾನಿಗಾಗಿ ಮಾಡಿದೆಯೋ ಎಂದು ಆಯಿಯನ್ನು ಎಷ್ಟೋ ಸಲ ಕೇಳಿದ್ದೆ. "ಬನ್ನಿ ಬೇಕಾಗಿತ್ತವಾ," ಅಷ್ಟೇ ಅನ್ನುತ್ತಿದ್ದಳು. ಆದರೆ ಮುಂದಿನ ವರ್ಷದ ಖಂಡೇಪೂಜೆಯಲ್ಲಿ ಅವಳು ಮೊದಲು ಎರಡೂ ಕಹಳೆಬಾಯಿಗೆ ತನ್ನ ಮಡಿಬಟ್ಟೆಯ ತುಂಡು ಬಿಗಿಯಾಗಿ ಕಟ್ಟಿ, ಆಮೇಲೆ ಹೂ ಇಟ್ಟಳು. ಕೈಯಲ್ಲಿ ಒಂದು ಚಿಟಿಕೆ ವಿಭೂತಿ ಉಳಿದಿತ್ತು. ಅದನ್ನು ತಗೊಂಡು ಹೊಸ ಕೊಟ್ಟಿಗೆಗೆ ಹೋಗಿ, ಪ್ರೀತಿಯಿಂದ, ಎಮ್ಮೆಯ ಮೂಗಿಗೆ ಹಚ್ಚಿದಳು. ಎಮ್ಮೆ ಸಾಗವಾನಿ ಕಂಬಗಳು ಅದುರುವ ಹಾಗೆ ಸೀನಿತು.